ಮಲಗುವ ಊರು ಬದುಕುವ ಊರಾಗಬೇಕು

ನಮ್ಮ ಬಂಧುಗಳಲ್ಲಿ ಯಾರನ್ನಾದರೂ ನಿಲ್ಲಿಸಿ, "ನಿಮ್ಮ ಊರು ಯಾವುದು?" ಎಂದು ಕೇಳಿ ನೋಡಿರಿ. ಕುಂದಾಪುರ, ಕಾರ್ಕಳ, ಅಂಕೋಲೆ, ಜಮಖಂಡಿ, ಗೋಕಾಕ ಎಂದು ಉತ್ತರ ಬರುತ್ತದೆ. "ಕೆಲಸ ಎಲ್ಲಿ?" ಎಂದರೆ ಕೋಟೆ, ದಾದರ, ಮಾಟುಂಗಾ, ಘಾಟಕೋಪರ ಎನ್ನುತ್ತಾರೆ. "ಹಾಗಾದರೆ ಡೊಂಬಿವಲಿ?" ಎಂದು ಮೂರನೆಯ ಪ್ರಶ್ನೆ ಹಾಕಿದರೆ, "ಅಲ್ಲಿ ಮನೆ ಇದೆ, ರಾತ್ರಿ ಮಲಗಲಿಕ್ಕೆ ಹೋಗುತ್ತೇವೆ" ಎಂದು ನಕ್ಕುಬಿಡುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಸಂಸಾರ ನಡೆಸಿದ ಊರು, ಮಕ್ಕಳು ಹುಟ್ಟಿ ಬೆಳೆದ ಊರು, ಹಿರಿಯರನ್ನು ಕೊನೆಯ ಸಲ ಹೊತ್ತೊಯ್ದ ಊರು. ಅದಕ್ಕೆ ನಾವು ಕೊಟ್ಟ ಹೆಸರು 'ಮಲಗುವ ಊರು'! ಈ ಒಂದು ಮಾತನ್ನು ಕುರಿತು ನಮ್ಮ ಓದುಗರೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ಈ ಸಲದ ಅಗ್ರಲೇಖನವನ್ನು ಮೀಸಲಿಟ್ಟಿದ್ದೇವೆ. ಡೊಂಬಿವಲಿಯ ಹೆಸರು ಹೇಳುತ್ತಿದ್ದರೂ ಕಲ್ಯಾಣ, ಬದಲಾಪುರ, ಭಾಯಂದರ, ನಾಲಾಸೋಪಾರಗಳಲ್ಲಿರುವ ಬಂಧುಗಳು ಇದನ್ನು ತಮ್ಮ ಮಾತೆಂದೇ ತಿಳಿಯಬೇಕು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯೇ ನಮಗಿರಲಿಲ್ಲ. ಹೋಟೆಲಿನ ಮಾಣಿ ರಾತ್ರಿ ಗಿರಾಕಿಗಳು ಹೋದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಚಾಪೆ ಹಾಸುತ್ತಿದ್ದ. ನಸುಕಿನಲ್ಲಿ ಎದ್ದು ಒಲೆ ಹೊತ್ತಿಸಬೇಕಾದವನಿಗೆ ಬೇರೆ ಮನೆ ಏತಕ್ಕೆ ಎಂಬುದು ಧಣಿಗಳ ಲೆಕ್ಕ. ಗಿರಣಿಯವನು ಪರಳ, ಲಾಲಬಾಗ, ವರಳಿಯ ಚಾಳುಗಳಲ್ಲಿ ಒಂದೇ ಖೋಲಿಯಲ್ಲಿ ಹತ್ತಾರು ಮಂದಿಯೊಡನೆ, ಪಾಳಿಗೆ ತಕ್ಕಂತೆ ಸರದಿಯ ಮೇಲೆ ನಿದ್ದೆ ಮಾಡುತ್ತಿದ್ದ. ಊಟ ಖಾನಾವಳಿಯಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ, ತಿಂಗಳಿಗೊಮ್ಮೆ ಮನಿಆರ್ಡರು, ವರ್ಷಕ್ಕೊಮ್ಮೆ ಹಬ್ಬಕ್ಕೋ ಕೋಲಕ್ಕೋ ಊರ ಮುಖ. ಬದುಕು ಒಂದು ಕಡೆ, ದುಡಿಮೆ ಒಂದು ಕಡೆ ಎಂದು ಅಂದೇ ನಮ್ಮ ಮನಸ್ಸು ಎರಡು ಹೋಳಾಯಿತು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಮುಂದೆ ಸಂಸಾರವನ್ನು ಕರೆತರುವ ಕಾಲ ಬಂತು. ನಗರದೊಳಗೆ ಬಾಡಿಗೆಯ ಖೋಲಿಗೂ ಪಗಡಿ ಕೊಡಬೇಕಾದ ಸ್ಥಿತಿಯಲ್ಲಿ ಬಡವನಿಗೆ ಉಳಿದದ್ದು ರೈಲಿನ ಹಳಿಯೊಂದೇ. ಹಳಿ ಹೋದಷ್ಟು ದೂರ ನಮ್ಮವರೂ ಹೋದರು. ಅದರ ಮೇಲೆ 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರ ಬಂತು. ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಬಹಳ ಮಂದಿಗೆ ಮತ್ತೆ ಒಳಗೆ ಹೋಗುವ ಯೋಗ ಬರಲಿಲ್ಲ. ಒಂದೊಂದಾಗಿ ಭೋಂಗಾ ನಿಂತುಹೋಯಿತು. ಗಿರಣಿಯ ಭೂಮಿಯನ್ನು ಮೂರು ಪಾಲು ಮಾಡಿ ಒಂದು ಪಾಲು ನಗರಪಾಲಿಕೆಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲಿಕರಿಗೆ ಎಂದು 1991ರಲ್ಲಿ ನಿಯಮವಾಗಿತ್ತು. 2001ರ ತಿದ್ದುಪಡಿಯಲ್ಲಿ ಆ ಹಂಚಿಕೆ ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಎಂದಾಯಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸಾಚಾ ನಡೆಯುತ್ತಿದ್ದ ಜಾಗದಲ್ಲಿ ಇಂದು ಗಗನಕ್ಕೆ ಮುಟ್ಟುವ ಮನೆಗಳೂ ಮಾಲುಗಳೂ ನಿಂತಿವೆ. ಸಾಚಾ ನಡೆಸಿದವನು ಖೋಲಿಯನ್ನು ಮಾರಿ ಸಾಲ ತೀರಿಸಿ ಠಾಣೆಯ ಆಚೆಗೆ ಹೋದನು. ಮನೆ ಬೇಡಿ ಅರ್ಜಿ ಹಾಕಿದ ಗಿರಣಿ ಕಾರ್ಮಿಕರೂ ಅವರ ವಾರಸುದಾರರೂ ಲಕ್ಷಕ್ಕೂ ಮೀರಿ ಇದ್ದಾರೆ. ಅವರಿಗೆ ಕಲ್ಯಾಣದ ಎಷ್ಟೋ ಆಚೆ, ಕರ್ಜತ ಹಾದಿಯ ಶೇಲು, ವಾಂಗಣಿಗಳಲ್ಲಿ ಮನೆ ಕೊಡುವ ಯೋಜನೆ ಮುಂದೆ ಬಂದಾಗ, ಮುಂಬಯಿಯಲ್ಲೇ ಮನೆ ಬೇಕೆಂದು 2025ರ ಜುಲೈಯಲ್ಲಿ ಅವರು ಆಜಾದ ಮೈದಾನದಲ್ಲಿ ಸೇರಿದರು. ಅವರ ಬೇಡಿಕೆ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ನ್ಯಾಯ ಸಿಗುವ ತನಕವೂ ಮನುಷ್ಯ ಎಲ್ಲಿಯಾದರೂ ಬದುಕಲೇಬೇಕಷ್ಟೆ.

ಇನ್ನು ಡೊಂಬಿವಲಿಯ ಸಂಗತಿ. ನಾವು ಬರುವ ಮೊದಲು ಅಲ್ಲಿ ಏನೂ ಇರಲಿಲ್ಲವೆಂದು ನಮ್ಮಲ್ಲನೇಕರು ಮಾತಾಡುವುದುಂಟು. ಅದು ತಪ್ಪು. ಪಾಥರ್ಲಿ, ಆಯರೆ, ಚೋಳೆ, ನಾಂದಿವಲಿ ಎಂದು ನಾವು ಇಂದು ರಿಕ್ಷಾದವನಿಗೆ ಹೇಳುವ ಹೆಸರುಗಳೆಲ್ಲ ಹಳ್ಳಿಗಳ ಹೆಸರುಗಳು. ಆಗರಿ ಜನರು ಭತ್ತ ಬೆಳೆಯುತ್ತಿದ್ದ ಗದ್ದೆಗಳು ಅವು. ನಮ್ಮ ಕಟ್ಟಡದ ಅಡಿಪಾಯದ ಕೆಳಗೆ ಯಾರದೋ ಗದ್ದೆಯ ಬದು ಇದೆ ಎಂಬುದನ್ನು ಮರೆಯಬಾರದು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಬಂದ ಮೊದಲ ರೈಲು 1854ರಲ್ಲಿ ಕಲ್ಯಾಣದ ತನಕ ಓಡಿತು. ಆ ಹಳಿ ಈ ಹಳ್ಳಿಗಳ ನಡುವೆಯೇ ಹಾದುಹೋಯಿತು. ಗಿರಗಾಂವ, ದಾದರಗಳ ಇಕ್ಕಟ್ಟಿನಿಂದ ಹೊರಟ ಮರಾಠಿ ಮಧ್ಯಮ ವರ್ಗದವರು ಅಲ್ಲಿ ಮನೆ ಮಾಡಿದರು. 1924ರಲ್ಲಿ ಗಣೇಶ ಮಂದಿರ ಎದ್ದಿತು. 1960ರ ದಶಕದಲ್ಲಿ ಸರಕಾರದ ಔದ್ಯೋಗಿಕ ವಸಾಹತು ಬಂದು ಕಾರ್ಖಾನೆಗಳ ದುಡಿಮೆಗಾರರು ಸೇರಿಕೊಂಡರು. 1983ರಲ್ಲಿ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಈ ಪಾಲಿಕೆಯ ಜನಸಂಖ್ಯೆ 12 ಲಕ್ಷವನ್ನು ದಾಟಿತ್ತು. ಸುತ್ತಲಿನ 27 ಹಳ್ಳಿಗಳನ್ನು 2002ರಲ್ಲಿ ಪಾಲಿಕೆಯಿಂದ ಹೊರಗಿಟ್ಟು 2015ರಲ್ಲಿ ಪುನಃ ಒಳಗೆ ಸೇರಿಸಿದ್ದನ್ನು ನೋಡಿದರೆ, ಊರು ಎಷ್ಟು ಅವಸರದಲ್ಲಿ, ಎಷ್ಟು ಲೆಕ್ಕ ತಪ್ಪಿ ಬೆಳೆಯಿತೆಂಬುದು ತಿಳಿಯುತ್ತದೆ.

ಇಂದು ಅಲ್ಲಿಯ ಒಂದು ಕಟ್ಟಡದ ಮೆಟ್ಟಿಲು ಹತ್ತಿದರೆ ಭಾರತವೇ ಕಾಣುತ್ತದೆ. ಕೆಳಗೆ ಆಗರಿ ಮನೆತನ, ಮೊದಲ ಮಾಳಿಗೆಯಲ್ಲಿ ಕೊಂಕಣದ ಮರಾಠಿಗರು, ಎದುರಿಗೆ ಗುಜರಾತಿ, ಮೇಲೆ ಮಲಯಾಳಿ, ಪಕ್ಕದಲ್ಲಿ ಉತ್ತರಪ್ರದೇಶದವರು, ತುದಿಯ ಮನೆಯಲ್ಲಿ ನಾವು. ಒಂದು ಮನೆಯಲ್ಲಿ ಸುಕ್ಕಾ ಹುರಿಯುವ ವಾಸನೆ, ಇನ್ನೊಂದರಲ್ಲಿ ಪುರಣದ ಹೋಳಿಗೆ. ಈ ಊರಿನ ಮರಾಠಿ ಜನ ತಮ್ಮ ನೆಲೆಯನ್ನು ಹೇಗೆ ಕಟ್ಟಿಕೊಂಡರೆಂಬುದನ್ನು ನಾವು ಕಣ್ತೆರೆದು ನೋಡಬೇಕು. ಅವರಲ್ಲಿ ಅನೇಕರು ನಮ್ಮಂತೆಯೇ ಮುಂಬಯಿಗೆ ದುಡಿಯಲು ಹೋಗುವವರು. ಅದೇ ಗಾಡಿ, ಅದೇ ನೂಕುನುಗ್ಗಲು. ಆದರೂ ಪು. ಭಾ. ಭಾವೆ, ಶಂ. ನಾ. ನವರೆಯಂಥ ಲೇಖಕರು ವಾಸಿಸಿದ ಊರಿದು ಎಂದು ಅವರು ಅಭಿಮಾನ ಪಡುತ್ತಾರೆ. ಯುಗಾದಿಯ ದಿನ ಅವರು ಹೊರಡಿಸುವ ಶೋಭಾಯಾತ್ರೆ 1999ರಲ್ಲಿ ಈ ಊರಿನಲ್ಲಿಯೇ ಮೊದಲಾಗಿ, ಅನಂತರ ಬೇರೆ ಊರುಗಳಿಗೆ ಹಬ್ಬಿತು. 2017ರ ಫೆಬ್ರವರಿಯಲ್ಲಿ 90ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನವನ್ನು ಇಲ್ಲಿಯೇ ನಡೆಸಿದರು. ಮಲಗಲಿಕ್ಕೆಂದು ಬಂದವರು ಮಾಡುವ ಕೆಲಸವಲ್ಲ ಇದು.

ನಮ್ಮವರೂ ಸುಮ್ಮನೆ ಕುಳಿತವರಲ್ಲ. ಮುಂಬಯಿ ಕನ್ನಡಿಗರ ಸಂಘಟನೆಯ ಪರಂಪರೆ ಸಣ್ಣದಲ್ಲ: 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ. ಹಗಲೆಲ್ಲ ತಟ್ಟೆ ಲೋಟ ತೊಳೆದ ಹುಡುಗರು ರಾತ್ರಿ ಶಾಲೆಯಲ್ಲಿ ಓದಿ ವಕೀಲರೂ ಅಧಿಕಾರಿಗಳೂ ಹೋಟೆಲು ಧಣಿಗಳೂ ಆದದ್ದು ಈ ನಗರದ ಇತಿಹಾಸದಲ್ಲಿ ಸೇರಬೇಕಾದ ಮಾತು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದವರು ಮಂಜುನಾಥ ವಿದ್ಯಾಲಯವನ್ನು ಕಟ್ಟಿ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಕಲಿಯುವವರು ಕನ್ನಡಿಗರ ಮಕ್ಕಳು ಮಾತ್ರವಲ್ಲ, ಊರಿನ ಮಕ್ಕಳು. ಅದೇ ಅದರ ಹಿರಿಮೆ. ಭಜನಾ ಮಂಡಳಿಗಳಿವೆ, ಶನಿಪೂಜಾ ಸಮಿತಿಗಳಿವೆ, ಯಕ್ಷಗಾನ ತಾಳಮದ್ದಳೆಗಳಿಗೆ ಜನ ಸೇರುತ್ತಾರೆ. ಇದೆಲ್ಲ ಸಂತೋಷದ ವಿಷಯವೇ.

ಆದರೆ ಮನೆಯ ಮಾತನ್ನು ಮನೆಯವರೇ ಆಡಬೇಕು. ನಮ್ಮಲ್ಲಿ ಸಂಘಗಳು ಹೆಚ್ಚಿದಷ್ಟು ಸಂಘಟನೆ ಹೆಚ್ಚಿಲ್ಲ. ಜಾತಿಗೊಂದು ಸಂಘ, ಸಂಘಕ್ಕೊಂದು ಸ್ಥಳೀಯ ಶಾಖೆ, ಶಾಖೆಗೊಂದು ವಾರ್ಷಿಕೋತ್ಸವ. ಕರಾವಳಿಯ ಹೋಟೆಲಿನವರಿಗೆ ಬೆಳಗಾವಿ, ವಿಜಯಪುರದ ಕಡೆಯಿಂದ ಬಂದ ಕಾರ್ಮಿಕರ ಪರಿಚಯವೇ ಇರುವುದಿಲ್ಲ. ಒಂದೇ ಓಣಿಯಲ್ಲಿದ್ದರೂ ಅವರು ಬೇರೆ, ನಾವು ಬೇರೆ. ಬಾಡಿಗೆಯ ಸಭಾಗೃಹದಲ್ಲಿ ಶಾಲು ಹೊದೆಸಿ ಫಲಪುಷ್ಪ ಕೊಡುವ ಕಾರ್ಯಕ್ರಮಕ್ಕೆ ಮೂರು ತಾಸು ಕೂಡುವ ನಾವು, ಅದೇ ಓಣಿಯ ನಲ್ಲಿಗೆ ಎರಡು ದಿನ ನೀರು ಬಾರದಿದ್ದರೆ ಪಾಲಿಕೆಯ ಕಚೇರಿಗೆ ನಾಲ್ಕು ಮಂದಿ ಕೂಡಿ ಹೋಗುವುದಿಲ್ಲ. "ನಮಗೇಕೆ, ನಾವು ಹೊರಗಿನವರು" ಎಂಬುದು ನಮ್ಮ ಬಾಯಿಪಾಠ. ಮನೆಯ ತೆರಿಗೆಯನ್ನು ಕಟ್ಟುವಾಗ ಮಾತ್ರ ಯಾರೂ ನಮ್ಮನ್ನು ಹೊರಗಿನವರೆಂದು ಬಿಟ್ಟುಬಿಟ್ಟದ್ದಿಲ್ಲ!

ಹೊರಗಿನವರಂತೆ ಇದ್ದುದರ ಬೆಲೆ ಎಷ್ಟೆಂಬುದನ್ನು ಮೂರು ಸಂಗತಿಗಳಿಂದ ತಿಳಿಯಬಹುದು.

ಮೊದಲನೆಯದು ರೈಲು. ಡೊಂಬಿವಲಿಯಿಂದ ಬೋರಿಬಂದರಿಗೆ ಸುಮಾರು 48 ಕಿಲೋಮೀಟರು. ಹೋಗಿ ಬರುವುದರಲ್ಲಿ ದಿನಕ್ಕೆ ಮೂರು ತಾಸು ಹೋದರೆ ವಾರಕ್ಕೆ ಆರು ದಿನದ ಲೆಕ್ಕದಲ್ಲಿ ಹದಿನೆಂಟು ತಾಸಾಯಿತು. ಕೂಲಿಯಿಲ್ಲದ ಎರಡು ದಿನಗಳ ದುಡಿಮೆ ಇದು. 2022ರಲ್ಲಿ ಠಾಣೆ ಮತ್ತು ದಿವಾ ನಡುವೆ ಐದನೆಯ ಆರನೆಯ ಹಳಿಗಳು ಬಂದವು ನಿಜ. ಆದರೂ 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಗಾಡಿಗಳಿಂದ, ಬಾಗಿಲಲ್ಲಿ ಜೋತುಬಿದ್ದವರು ಹಳಿಗೆ ಉರುಳಿದರು. ನಾಲ್ವರಿಗೆ ಕಡಿಮೆಯಿಲ್ಲದಂತೆ ಪ್ರಾಣ ಹೋಯಿತು. ಅವರು ಸಾಹಸ ತೋರಿಸಲು ಜೋತವರಲ್ಲ. ಒಳಗೆ ಜಾಗವಿರಲಿಲ್ಲ, ತಡವಾದರೆ ಸಂಬಳ ಕಡಿತ. ಗಾಡಿಗಳು ಹೆಚ್ಚಬೇಕು, ಕಲ್ಯಾಣದ ಈಚಿನ ನಿಲ್ದಾಣಗಳಿಂದಲೇ ಹೊರಡುವ ಗಾಡಿಗಳು ಬೇಕು ಎಂದು ಕೇಳುವ ಪ್ರಯಾಣಿಕರ ಸಂಘಗಳಿವೆ. ಅವುಗಳಲ್ಲಿ ನಮ್ಮವರ ಹೆಸರು ಎಷ್ಟು? ಅದೇ ಗಾಡಿಯಲ್ಲಿ ತಾಳ ಬಡಿದು ಭಜನೆ ಹಾಡುವ ನಮ್ಮ ಗುಂಪುಗಳು ಒಂದು ಮನವಿಗೆ ಸಹಿ ಕೂಡಿಸಲು ಒಂದು ದಿನ ಕೊಡಲಾರವೇ?

ಎರಡನೆಯದು ಮನೆ. ನಕಲಿ ಪರವಾನಗಿ ಪತ್ರಗಳನ್ನು ತೋರಿಸಿ ರೇರಾ ನೋಂದಣಿ ಪಡೆದ ಡೊಂಬಿವಲಿಯ 65 ಕಟ್ಟಡಗಳನ್ನು ಕೆಡವಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆದೇಶ ಮಾಡಿತು. ಮೋಸ ಮಾಡಿದವರು ಕಟ್ಟಿ ಮಾರಿದವರು. ಬೀದಿಗೆ ಬೀಳುವ ಭಯ ಬಂದದ್ದು ಕೊಂಡವರಿಗೆ. ಬ್ಯಾಂಕಿನ ಸಾಲ ತೆಗೆದು, ಹೆಂಡತಿಯ ಒಡವೆ ಮಾರಿ, ಊರಿನ ಪಾಲಿನ ಗದ್ದೆ ಬಿಟ್ಟುಕೊಟ್ಟು ಎರಡು ಕೋಣೆ ಕೊಂಡವನಿಗೆ ಇದಕ್ಕಿಂತ ದೊಡ್ಡ ಸಿಡಿಲು ಬೇರೆ ಇಲ್ಲ. ನಮ್ಮವರು ಮನೆ ಕೊಳ್ಳುವ ರೀತಿ ನಮಗೆ ಗೊತ್ತು: "ನಮ್ಮ ಕಡೆಯವರೇ ಒಬ್ಬರು ಹೇಳಿದರು" ಎಂಬುದೇ ದಾಖಲೆ. ಬಂಧುಗಳೇ, ನಂಬಿಕೆ ಬೇರೆ, ಕಾಗದ ಬೇರೆ. ಭೂಮಿ ಯಾರ ಹೆಸರಿನಲ್ಲಿದೆ ಎಂದು ಸಾತ್-ಬಾರಾ ಉತಾರೆಯಲ್ಲಿ ನೋಡಿರಿ. ಕಟ್ಟಡ ಆರಂಭಿಸಲು ಪಾಲಿಕೆ ಕೊಟ್ಟ ಅನುಮತಿ ನಿಜವೇ ಎಂದು ಪಾಲಿಕೆಯ ಕಚೇರಿಗೇ ಹೋಗಿ ಕೇಳಿರಿ. ಮಾರುವವನು ತೋರಿಸಿದ ನಕಲನ್ನೋ ರೇರಾ ನಂಬರನ್ನೋ ಮಾತ್ರ ನಂಬಬೇಡಿರಿ. ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಕೇಳಿರಿ. ಈಗಾಗಲೇ ಮನೆ ಕೊಂಡವರು ಸಹಕಾರಿ ಸೊಸೈಟಿ ನೋಂದಾಯಿಸಿ, ಕಟ್ಟಡದ ಕೆಳಗಿನ ಭೂಮಿಯ ಹಕ್ಕನ್ನು ಸೊಸೈಟಿಯ ಹೆಸರಿಗೆ ಮಾಡಿಸಿಕೊಳ್ಳಬೇಕು. ಕಟ್ಟಿದವನು ಅದಕ್ಕೆ ಒಪ್ಪದಿದ್ದರೂ ಅಧಿಕಾರಿಗಳಿಂದ ಅದನ್ನು ಮಾಡಿಸಿಕೊಳ್ಳುವ ದಾರಿ ಕಾನೂನಿನಲ್ಲಿದೆ. ಇಲ್ಲವಾದರೆ ಕಟ್ಟಡ ಹಳತಾಗಿ ಬಿದ್ದ ದಿನ ನಮ್ಮ ಕೈಯಲ್ಲಿ ಉಳಿಯುವುದು ಬೀಗದ ಕೈ ಮಾತ್ರ. ಸೊಸೈಟಿಯ ಸಭೆಗೆ ಹೋಗದವನು ತನ್ನ ಜೀವಮಾನದ ಗಳಿಕೆಯನ್ನು ಬೇರೆಯವರ ಕೈಯಲ್ಲಿ ಬಿಟ್ಟಂತೆ.

ಮೂರನೆಯದು ಗಾಳಿ, ನೀರು. ಔದ್ಯೋಗಿಕ ವಸಾಹತು ಬಂದಾಗ ಅದು ಊರ ಹೊರಗಿತ್ತು; ಊರು ಬೆಳೆದು ಅದರ ಗೋಡೆಗೆ ತಾಗಿತು. 2016ರ ಮೇ 26ರಂದು ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟಿಸಿತು. 2024ರ ಮೇ 23ರಂದು ಇನ್ನೊಂದು. ಎರಡು ಸಲವೂ ಹತ್ತು ಮಂದಿಗೆ ಕಡಿಮೆಯಿಲ್ಲದೆ ಸತ್ತರು. ದೂರದ ಮನೆಗಳ ಕಿಟಕಿ ಗಾಜುಗಳು ಪುಡಿಯಾದವು. 2020ರಲ್ಲಿ ಅಲ್ಲಿಯ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಪತ್ರಿಕೆಗಳಲ್ಲಿ ನೋಡಿ ನಾವು ತಮಾಷೆ ಮಾಡಿದೆವು. ಆ ಕಾರ್ಖಾನೆಗಳಲ್ಲಿ ದುಡಿಯುವವರೂ ನಮ್ಮಂಥ ಕಾರ್ಮಿಕರೇ ಆದುದರಿಂದ, ಬಾಗಿಲು ಮುಚ್ಚಿಬಿಡಿ ಎಂದು ಹೇಳುವುದು ಸುಲಭವಲ್ಲ. ಗಿರಣಿ ಮುಚ್ಚಿದಾಗ ಏನಾಗುತ್ತದೆಂಬುದನ್ನು ನಾವು ಉಂಡು ಬಲ್ಲೆವು. ಅಪಾಯದ ಕಾರ್ಖಾನೆಗಳನ್ನು ಮನೆಗಳಿಂದ ದೂರಕ್ಕೆ ಸಾಗಿಸಬೇಕು, ಸಾಗಿಸುವಾಗ ಕಾರ್ಮಿಕನ ಕೆಲಸವೂ ಅದರೊಂದಿಗೆ ಸಾಗಬೇಕು. ಈ ಎರಡು ಮಾತನ್ನೂ ಒಟ್ಟಿಗೆ ಹೇಳಬಲ್ಲವರು ಕಾರ್ಮಿಕರೇ ಹೊರತು ಬೇರೆ ಯಾರೂ ಅಲ್ಲ.

ಇವೆಲ್ಲಕ್ಕೂ ಬೇಕಾದುದು ಮತ. ಪಾಲಿಕೆಯ ಸದಸ್ಯರ ಅವಧಿ 2020ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ಊರು ನಡೆಯಿತು. 2026ರ ಜನವರಿಯಲ್ಲಷ್ಟೇ ಮತದಾನವಾಯಿತು. ಅಂದು ನಮ್ಮವರು ಎಷ್ಟು ಮಂದಿ ಮತಗಟ್ಟೆಗೆ ಹೋದರೆಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ. ನಮ್ಮಲ್ಲನೇಕರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿದೆ. ಊರಿನ ಪಂಚಾಯತಿಗೆ ಮತ ಹಾಕಲು ರಾತ್ರಿ ಬಸ್ಸು ಹಿಡಿದು ಹೋಗುವ ಪ್ರೀತಿ ದೊಡ್ಡದು. ಆದರೆ ಮಗ ನಡೆದುಹೋಗುವ ದಾರಿಯ ಚರಂಡಿ ಇಲ್ಲಿದೆ, ತಾಯಿಯನ್ನು ಕರೆದೊಯ್ಯುವ ಆಸ್ಪತ್ರೆ ಇಲ್ಲಿದೆ. ಅವುಗಳ ಗತಿಯನ್ನು ತೀರ್ಮಾನಿಸುವ ಮತ ಅಲ್ಲಿದ್ದರೆ ಏನು ಪ್ರಯೋಜನ?

ಭಾಷೆಯ ಮಾತು ಬಾರದೆ ಈ ಲೇಖನ ಮುಗಿಯದು. 1966ರ ಅನಂತರದ ವರ್ಷಗಳಲ್ಲಿ ದಕ್ಷಿಣದವರು ನೌಕರಿ ಕಸಿದರೆಂಬ ಕೂಗೆದ್ದು, ನಮ್ಮ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಹಿರಿಯರು ಮರೆತಿಲ್ಲ. 2025ರಲ್ಲಿ ಮೀರಾ ರೋಡಿನಲ್ಲಿ ಮರಾಠಿಯ ಹೆಸರಿನಲ್ಲಿ ಅಂಗಡಿಯವನ ಮೇಲೆ ಕೈಮಾಡಿದ್ದನ್ನೂ ಕಂಡೆವು. ಹೊಡೆದು ಕಲಿಸುವ ಭಾಷೆ ನಾಲಿಗೆಗೆ ಬಂದರೂ ಹೃದಯಕ್ಕೆ ಬಾರದು. ಇದನ್ನು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಅಷ್ಟೇ ನಿಸ್ಸಂಕೋಚವಾಗಿ ಇನ್ನೊಂದು ಮಾತು: ಮೂವತ್ತು ವರ್ಷ ಈ ನೆಲದ ಅನ್ನ ಉಂಡು, ನೆರೆಮನೆಯ ಅಜ್ಜಿಯೊಡನೆ ನಾಲ್ಕು ಮಾತು ಮರಾಠಿಯಲ್ಲಿ ಆಡಲಾರೆನೆಂದರೆ ಅದು ಅಭಿಮಾನವಲ್ಲ, ಆಲಸ್ಯ. ಹೋಟೆಲಿನಲ್ಲಿ ದುಡಿದವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಿರಾಕಿಯ ಭಾಷೆ ಕಲಿತೇ ಅವನು ಬದುಕಿದ್ದಾನೆ. ಗಿರಾಕಿಗಾಗಿ ಕಲಿತದ್ದನ್ನು ನೆರೆಯವನಿಗಾಗಿಯೂ ಬಳಸಲಿ. ಹಾಗೆಂದು ಮನೆಯೊಳಗಿನ ಕನ್ನಡವನ್ನೋ ತುಳುವನ್ನೋ ಬಿಡಬೇಕಾಗಿಲ್ಲ. ನಗರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಮಕ್ಕಳಿಲ್ಲದೆ ಕಡಿಮೆಯಾಗುತ್ತ ಬಂದವು; ಇಂಗ್ಲಿಷಿಗೆ ಹೋಗುವ ಮಕ್ಕಳನ್ನು ತಡೆಯುವುದು ನಮ್ಮಿಂದಾಗದು. ಆದರೆ ಭಾನುವಾರ ಒಂದು ತಾಸು ಮಗುವನ್ನು ಕೂಡಿಸಿ ಅಕ್ಷರ ಕಲಿಸುವುದನ್ನು ಯಾವ ಶಾಲೆಯೂ ತಡೆಯುವುದಿಲ್ಲ. ಮೊಮ್ಮಗನು ಅಜ್ಜಿಗೆ ಫೋನು ಮಾಡಿ ಯಾವ ಭಾಷೆಯಲ್ಲಿ ಮಾತಾಡುತ್ತಾನೆ ಎಂಬುದೇ ನಮ್ಮ ಪರೀಕ್ಷೆ.

ನಮ್ಮ ಹೆಂಗಸರನ್ನು ನೋಡಿ ಗಂಡಸರು ಕಲಿಯಬೇಕಾದುದಿದೆ. ಡೊಂಬಿವಲಿಯಲ್ಲಿ ನಿಜವಾಗಿ ಬದುಕಿದವರು ಅವರೇ. ನೀರಿನ ಸಾಲಿನಲ್ಲಿ, ಶಾಲೆಯ ಬಾಗಿಲಿನಲ್ಲಿ, ಸಂತೆಯಲ್ಲಿ, ಹೆಂಗಸರ ಡಬ್ಬಿಯಲ್ಲಿ ಸೊಪ್ಪು ಸೋಸುತ್ತ ಅವರು ನಾಲ್ಕು ಭಾಷೆ ಕಲಿತರು, ಗೆಳತಿಯರನ್ನು ಸಂಪಾದಿಸಿದರು. ಮಗುವಿಗೆ ಜ್ವರ ಬಂದ ರಾತ್ರಿ, ಗಂಡ ಕೊನೆಯ ಗಾಡಿಯಲ್ಲಿರುವಾಗ, ಡಾಕ್ಟರ ಬಳಿಗೆ ಕರೆದೊಯ್ದದ್ದು ಜಾತಿ ಸಂಘವಲ್ಲ. ಎದುರು ಮನೆಯ ಕಾಕು. ಈ ಉಪಕಾರವನ್ನು ಯಾವ ಸಂಘದ ವರದಿಯಲ್ಲೂ ಬರೆದಿಲ್ಲ. ಆದರೆ ಊರು ಎಂಬುದು ನಿಂತಿರುವುದು ಅದರ ಮೇಲೆಯೇ. ಆದರೂ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಯಲ್ಲಿ ಹೆಂಗಸರಿಗೆ 'ಮಹಿಳಾ ವಿಭಾಗ'ದ ಮೂಲೆ ಮಾತ್ರ. ಇದು ಸರಿಯಲ್ಲ.

ಆದುದರಿಂದ ನಮ್ಮ ಓದುಗರಿಗೂ, ಹೊರ ಉಪನಗರಗಳ ಕನ್ನಡ ಸಂಘಗಳಿಗೂ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ. ಹದಿನೆಂಟು ತುಂಬಿದ ಪ್ರತಿಯೊಬ್ಬರ ಹೆಸರೂ ತಾವು ವಾಸಿಸುವ ಊರಿನ ಮತದಾರರ ಪಟ್ಟಿಯಲ್ಲಿ ಬರುವಂತೆ ಮಾಡಿರಿ. ಬೇರೆ ಬೇರೆ ಸಂಘಗಳು ವರ್ಷಕ್ಕೆ ಒಂದು ದಿನವಾದರೂ ಒಂದೇ ವೇದಿಕೆಯಲ್ಲಿ ಕೂಡಿ, ಸನ್ಮಾನಕ್ಕಾಗಿ ಅಲ್ಲ, ರೈಲು ನೀರು ಮನೆಗಳ ವಿಚಾರಕ್ಕಾಗಿ ಸಭೆ ಸೇರಿಸಲಿ. ನೆರೆಯ ಮರಾಠಿ, ಮಲಯಾಳಿ, ಉತ್ತರಭಾರತೀಯ ಸಂಘಗಳನ್ನೂ ಕರೆಯಲಿ. ಮನೆ ಕೊಳ್ಳುವವರ ಕಾಗದಪತ್ರ ನೋಡಿ ಸಲಹೆ ಕೊಡಲು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ನಮ್ಮ ವಕೀಲ ಬಂಧುಗಳು ತಿಂಗಳಿಗೊಂದು ಭಾನುವಾರ ಕುಳಿತುಕೊಳ್ಳಲಿ. ಒಂದು ಕೋಣೆಯಲ್ಲಿ ಕನ್ನಡ, ಪಕ್ಕದ ಕೋಣೆಯಲ್ಲಿ ಮರಾಠಿ ಕಲಿಸುವ ವರ್ಗಗಳು ನಡೆಯಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ದೇಣಿಗೆ ಬೇಕಾಗಿಲ್ಲ.

ಊರನ್ನು ಮರೆಯಿರೆಂದು ನಾವು ಹೇಳುತ್ತಿಲ್ಲ. ತೌರುಮನೆಯನ್ನು ನೆನೆಯುವ ಹೆಣ್ಣುಮಗಳು ಗಂಡನ ಮನೆಯ ದೀಪ ಹಚ್ಚುವುದನ್ನು ಬಿಡುವುದಿಲ್ಲವಷ್ಟೆ. ಎಂದಾದರೂ ಊರಿಗೆ ಹಿಂತಿರುಗುತ್ತೇವೆ ಎಂದು ಹೇಳುತ್ತಲೇ ನಮ್ಮ ಹಿಂದಿನ ತಲೆಮಾರು ಮುಗಿದುಹೋಯಿತು. ಅವರಲ್ಲಿ ಬಹಳ ಮಂದಿ ಹಿಂತಿರುಗಲಿಲ್ಲ. ಮಕ್ಕಳಂತೂ ಹಿಂತಿರುಗುವವರಲ್ಲ. ಅವರನ್ನು "ನಿನ್ನ ಊರು ಯಾವುದು?" ಎಂದು ಕೇಳಿದರೆ ತಡವರಿಸದೆ "ಡೊಂಬಿವಲಿ" ಎನ್ನುತ್ತಾರೆ. ಆ ಉತ್ತರ ನಾಚಿಕೆಯಿಲ್ಲದೆ ಹೇಳಬಹುದಾದ ಉತ್ತರವಾಗುವಂತೆ ಊರನ್ನು ಮಾಡುವುದು ನಮ್ಮ ಪಾಲಿನ ಕೆಲಸ. ಈ ಭಾನುವಾರ ನಿಮ್ಮ ಸೊಸೈಟಿಯ ಸಭೆಯಿದ್ದರೆ, ದಯವಿಟ್ಟು ಮಲಗಬೇಡಿರಿ, ಎದ್ದು ಹೋಗಿರಿ.